ಚಕ್ರಗಳ ಸ್ವಯಂಚಾಲಿತ ಅಲೈನ್‌ಮೆಂಟ್: ಸುರಕ್ಷತೆ ಮತ್ತು ಉತ್ಪಾದನೆ

ಧಾರವಾಡದ ಮಾಳಮಡ್ಡಿಯಿಂದ ಹುಬ್ಬಳ್ಳಿಯ ಪೇಟೆಗೆ ಸುಮಾರು 20 ಕಿ.ಮೀ. ದೂರ. ಅವಳಿ ನಗರದ ವ್ಯಾಪಾರಸ್ಥರ ಸರಕು ವಾಹನಗಳು ನಿತ್ಯವೂ ಈ ದಾರಿಯಲ್ಲಿ ಸಂಚರಿಸುತ್ತವೆ. ಡೀಸೆಲ್ ಖರ್ಚನ್ನು ಎಲ್ಲರೂ ಬರೆದಿಡುತ್ತಾರೆ. ಚಕ್ರಗಳ ಓರೆಯಿಂದಾಗುವ ನಷ್ಟ ಮಾತ್ರ ಯಾವ ಖಾತೆಯಲ್ಲೂ ಕಾಣಿಸುವುದಿಲ್ಲ.

ಮೂರು ಕೋನಗಳು

ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು ‘ಟೋ’. ಎದುರಿನಿಂದ ನೋಡಿದಾಗ ಕಾಣುವ ವಾಲಿಕೆ ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ಅಕ್ಷಕ್ಕಿರುವ ಬಾಗು ‘ಕ್ಯಾಸ್ಟರ್’. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರವಾಗಲು ಇದು ನೆರವಾಗುತ್ತದೆ.

ಟೈರನ್ನು ಬೇಗ ಸವೆಸುವುದು ಟೋ ದೋಷ. ಚಕ್ರವೊಂದು ಕೇವಲ 0.1 ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿ.ಮೀ.ಗೆ ಸುಮಾರು 1.75 ಮೀಟರಿನಷ್ಟು ಅದು ರಸ್ತೆಗೆ ಅಡ್ಡಲಾಗಿ ಉಜ್ಜುತ್ತದೆ. 10,000 ಕಿ.ಮೀ. ಓಟಕ್ಕೆ ಈ ಉಜ್ಜುವಿಕೆ 17.5 ಕಿ.ಮೀ. ಆಗುತ್ತದೆ! ಒಂದು ಅಂಚು ಸವೆದ ಟೈರು ಮಳೆಗಾಲದಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ತುರ್ತಾಗಿ ಬ್ರೇಕ್ ಹಾಕಿದಾಗ ಜಾರುತ್ತದೆ. ಇಲ್ಲಿ ನಷ್ಟ ಹಣದ್ದಷ್ಟೇ ಅಲ್ಲ, ಜೀವದ್ದೂ ಆಗಬಹುದು.

ಯಂತ್ರದ ಕಾರ್ಯವಿಧಾನ

ಹಿಂದೆ ದಾರ ಕಟ್ಟಿ, ಕಣ್ಣಳತೆಯಿಂದ ಈ ಕೆಲಸ ನಡೆಯುತ್ತಿತ್ತು. ಈಗಿನ ಯಂತ್ರಗಳಲ್ಲಿ ಪ್ರತಿ ಚಕ್ರಕ್ಕೂ ಗುರುತಿನ ಫಲಕ ಅಳವಡಿಸಿ, ವಾಹನವನ್ನು ತುಸು ಹಿಂದೆ ಮುಂದೆ ಸರಿಸಲಾಗುತ್ತದೆ. ಕ್ಯಾಮೆರಾಗಳು ಫಲಕಗಳ ಚಲನೆಯನ್ನು ಗ್ರಹಿಸುತ್ತವೆ. ಗಣಕಯಂತ್ರವು ಕೋನಗಳನ್ನು ಲೆಕ್ಕಹಾಕಿ ತಯಾರಕರ ಅಳತೆಯೊಡನೆ ಹೋಲಿಸುತ್ತದೆ. ಆದರೆ ಸವೆದ ಬಾಲ್ ಜಾಯಿಂಟ್, ಸಡಿಲ ಬೇರಿಂಗ್ ಹಾಗೂ ಟೈರಿನ ಗಾಳಿಯನ್ನು ಮೆಕ್ಯಾನಿಕ್ ಮೊದಲೇ ಪರೀಕ್ಷಿಸದಿದ್ದರೆ ಯಂತ್ರದ ಅಂಕಿಗಳಿಗೆ ಅರ್ಥವಿಲ್ಲ.

ಕಾರ್ಖಾನೆಯಲ್ಲಿ

ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲ್‌ನ ಮಾರ್ಕೊಪೊಲೊ ಕಂಪನಿಗಳ ನಡುವೆ 2006ರಲ್ಲಿ ಆದ ಒಪ್ಪಂದದ ಫಲವಾಗಿ ಧಾರವಾಡದಲ್ಲಿ ಬಸ್ ತಯಾರಿಕೆ ನೆಲೆಗೊಂಡಿತು. ವಾಹನ ಉದ್ಯಮಕ್ಕೆ ಬಿಡಿಭಾಗ ಪೂರೈಸುವ ನಮ್ಮ ಸಣ್ಣ ಘಟಕಗಳಿಗೆ ಅಲೈನ್‌ಮೆಂಟ್ ದೂರದ ವಿಷಯವಲ್ಲ. ಉದಾಹರಣೆಗೆ, ಎರಡು ಸ್ಪ್ರಿಂಗ್‌ಗಳ ನಡುವೆ 1 ಮೀಟರ್ ಅಂತರವಿದ್ದು, ಒಂದು ಕಡೆಯ ರಂಧ್ರ ಮುಂದಕ್ಕೋ ಹಿಂದಕ್ಕೋ 2 ಮಿ.ಮೀ. ತಪ್ಪಿದರೆ ಹಿಂದಿನ ಆ್ಯಕ್ಸಲ್ ಸುಮಾರು 0.11 ಡಿಗ್ರಿ ಓರೆಯಾಗುತ್ತದೆ. ಆಗ ವಾಹನ ನೇರವಾಗಿ ಸಾಗಲು ಚಾಲಕ ಸ್ಟೇರಿಂಗನ್ನು ಸದಾ ಒಂದು ಬದಿಗೆ ಹಿಡಿಯಬೇಕಾಗುತ್ತದೆ.

ಜೋಡಣೆಯ ಕೊನೆಯ ಹಂತದಲ್ಲಿ ಲೇಸರ್ ಮತ್ತು ಕ್ಯಾಮೆರಾ ಮಾಪಕಗಳು ಇಂಥ ದೋಷವನ್ನು ಪತ್ತೆಮಾಡಬಲ್ಲವು. ಪ್ರತಿ ವಾಹನದ ಅಂಕಿಗಳನ್ನು ದಾಖಲಿಸಿಟ್ಟರೆ ಯಾವ ಬ್ಯಾಚಿನ ಬಿಡಿಭಾಗದಲ್ಲಿ ದೋಷವಿತ್ತೆಂಬುದೂ ತಿಳಿಯುತ್ತದೆ. ಅಳತೆಯ ದಾಖಲೆಯಿಲ್ಲದ ಪೂರೈಕೆದಾರ ಆಗ ತನ್ನ ಮಾಲನ್ನು ಸಮರ್ಥಿಸಿಕೊಳ್ಳಲಾರ.

ಸದಸ್ಯರು ಗಮನಿಸಬೇಕಾದುದು

1. ಸ್ವಯಂಚಾಲಿತ ವಾಹನ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರೂಪಿಸಿತು. ಇಂಥ ಕೇಂದ್ರಗಳ ಸೈಡ್ ಸ್ಲಿಪ್ ಯಂತ್ರ ಚಕ್ರದ ಅಡ್ಡ ಜಾರುವಿಕೆಯನ್ನು ಕಿ.ಮೀ.ಗೆ ಇಷ್ಟು ಮೀಟರ್ ಎಂದೇ ಅಳೆಯುತ್ತದೆ.

2. ಅಲೈನ್‌ಮೆಂಟ್ ಮಾಡಿಸಿದಾಗ ಮೊದಲಿನ ಮತ್ತು ನಂತರದ ಅಂಕಿಗಳ ಮುದ್ರಿತ ಪ್ರತಿಯನ್ನು ಕೇಳಿ ಪಡೆದು, ವಾಹನದ ಕಡತದಲ್ಲಿಡಬೇಕು.

3. ಯಂತ್ರ ಕೊಳ್ಳುವ ಗ್ಯಾರೇಜು ಮಾಲೀಕರು ಸಮತಟ್ಟಾದ ನೆಲ, ನಿಯತಕಾಲಿಕ ಕ್ಯಾಲಿಬ್ರೇಷನ್ ಮತ್ತು ಕೆಲಸಗಾರರ ತರಬೇತಿಯ ಖರ್ಚನ್ನೂ ಬಂಡವಾಳದಲ್ಲಿ ಸೇರಿಸಿಕೊಳ್ಳಬೇಕು.

4. ಬಿಡಿಭಾಗ ತಯಾರಕರು ರಂಧ್ರಗಳ ಸ್ಥಾನವನ್ನು ಗೇಜ್‌ನಿಂದ ಪರೀಕ್ಷಿಸಿ, ಬ್ಯಾಚುವಾರು ದಾಖಲಿಸಬೇಕು. ದುಬಾರಿ ಯಂತ್ರವಿಲ್ಲದೆಯೂ ಈ ಶಿಸ್ತನ್ನು ಇಂದೇ ಆರಂಭಿಸಬಹುದು.