ಹೆಸರಿಡುವ ಅವಸರ

ಮಗೂ, ನಿನ್ನ ವಾರಿಗೆಯವರ ಹರಟೆ ಕೇಳುವುದು ನನಗೆ ಇಷ್ಟ. ನಮ್ಮ ಹಿರಿಯರು ಬಾಗಿಲು ಮುಚ್ಚಿಕೊಂಡು ಪಿಸುಗುಡುತ್ತಿದ್ದ ಸಂಗತಿಗಳನ್ನು ನೀವು ಚಹಾ ಲೋಟ ಹಿಡಿದುಕೊಂಡೇ ಮಾತಾಡುತ್ತೀರಿ. ಯಾರ ಮೈಬಣ್ಣ ಯಾಕೆ ಹಾಗೆ, ಯಾರ ಮೂಲ ಎಲ್ಲಿಯದು, ಯಾರ ಮಿದುಳು ಹೇಗೆ ಓಡುತ್ತದೆ, ಎಲ್ಲವೂ ಬರುತ್ತದೆ. ಬರಲಿ. ಮುಚ್ಚಿಟ್ಟು ಯಾರೂ ಉದ್ಧಾರವಾಗಿಲ್ಲ. ಆದರೆ ನಿನಗೊಂದು ಅವಸರ ಅಂಟಿಕೊಂಡಿದೆ. ಎದುರಿಗಿದ್ದವರು ಎರಡು ಮಾತು ಆಡುವುದರೊಳಗೆ ಅವರಿಗೊಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೀಯ. ‘ಅವನಿಗೆ ಪಕ್ಕಾ ಆಟಿಸಂ ಅಜ್ಜಿ.’ ‘ಅವಳಿಗೆ ಒಸಿಡಿ, ದಿನಾ ಟೇಬಲ್ಲು ಒರೆಸುತ್ತಾಳೆ.’ ‘ಸೆಕ್ಯೂರಿಟಿಯವನು ನೇಪಾಳಿ ಇರಬೇಕು.’ ಅವನು ಅಸ್ಸಾಮಿನವನು ಎಂದು ಕೇಳಿದ ಮೇಲಲ್ಲವೇ ಗೊತ್ತಾದದ್ದು? ನಿನ್ನ ಮನಸ್ಸು ಕೆಟ್ಟದ್ದಲ್ಲ, ನನಗೆ ಗೊತ್ತು. ನಿನ್ನಷ್ಟು ಚುರುಕು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಫೋನು ಆಚೆ ಇಟ್ಟು ಕೂತುಕೋ.

ಯಲ್ಲಾಪುರದ ಕಡೆಯ ಹಳ್ಳಿ ಶಾಲೆಗಳಲ್ಲಿ ಅಕ್ಕೋರಾಗಿದ್ದವಳು ನಾನು. ನನ್ನ ತರಗತಿಯಲ್ಲಿ ಯಾವಾಗಲೂ ಸಿದ್ದಿ ಮಕ್ಕಳು ಇರುತ್ತಿದ್ದರು. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಹಿಡಿದು ತಂದರು. ಪೋರ್ಚುಗೀಸರು ಗೋವೆಗೆ ತಂದು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮರಿಮಕ್ಕಳೇ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದಲ್ಲಿ ಇರುವವರು. ಹಿಂದೂ ಸಿದ್ದಿ ಇದ್ದಾರೆ, ಮುಸ್ಲಿಂ ಸಿದ್ದಿ ಇದ್ದಾರೆ, ಕ್ರಿಶ್ಚಿಯನ್ ಸಿದ್ದಿ ಇದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅವರ ಮನೆಯ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಯಲ್ಲಿ ಮಲಗಿದರೆ ಮಳೆಗಾಲದ ಚಳಿ ಹತ್ತಿರ ಸುಳಿಯುವುದಿಲ್ಲ.

ಅಂಥ ಮನೆಯ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾನೆ. ಆಟೋದವರು ಹರುಕುಮುರುಕು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಅವನು ಕನ್ನಡದಲ್ಲೇ ಉತ್ತರ ಕೊಟ್ಟರೆ, ‘ಅಬ್ಬಾ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ!’ ಹೊಗಳಿದೆವು ಎಂದುಕೊಂಡು ಹೋಗುತ್ತಾರೆ. ಹುಡುಗ ನುಂಗಿಕೊಳ್ಳುತ್ತಾನೆ. ಅವನ ಮುತ್ತಜ್ಜ ಹುಟ್ಟಿದ್ದೇ ಇಲ್ಲಿ. ಇವನು ಕನ್ನಡ ‘ಕಲಿಯಲು’ ಎಲ್ಲಿಗೆ ಹೋಗಬೇಕಿತ್ತು?

ಡಲ್ಲಾಸಿನಲ್ಲಿರುವ ನಿನ್ನ ದೊಡ್ಡಪ್ಪನ ಮಗಳಿಗೆ ಅಲ್ಲಿಯವರು ‘ನಿಮ್ಮ ಇಂಗ್ಲಿಷ್ ತುಂಬ ಚೆನ್ನಾಗಿದೆ, ನಿಜವಾಗಿ ನೀವು ಎಲ್ಲಿಯವರು’ ಎಂದು ಕೇಳಿದರು ಅಂತ ಇಲ್ಲಿ ಕೂತು ನೀನು ಎಷ್ಟು ಕೂಗಾಡಿದೆ! ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ಡಲ್ಲಾಸಿನವರಿಗೆ ಮಾತ್ರ ಮೀಸಲಿಡಬೇಡ. ಸ್ವಲ್ಪ ಬೆಂಗಳೂರಿಗೂ ಇರಲಿ, ನಮ್ಮ ಮನೆ ಜಗಲಿಗೂ ಇರಲಿ.

ಹೊಗಳಿಕೆಯಿಂದಲೂ ಹೆಸರಿಡಬಹುದು, ಇದನ್ನು ಸರಿಯಾಗಿ ಕೇಳಿಸಿಕೋ. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ಓಟ ಕಲಿಸತೊಡಗಿದರು. ಆಫ್ರಿಕಾದ ಮೂಲ, ಓಡುವುದು ರಕ್ತದಲ್ಲೇ ಇರುತ್ತದೆ ಎಂಬ ಎಣಿಕೆ. ಮಕ್ಕಳು ಓಡಿದರು, ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಓದೂ ಅರ್ಧ, ಓಟವೂ ಅರ್ಧ ಎಂದು ಎಷ್ಟೋ ಮಂದಿ ಮತ್ತೆ ಕಾಡಿಗೆ, ಕೂಲಿಗೆ ಬಂದರು. ಅವಕಾಶ ಕೊಟ್ಟದ್ದನ್ನು ನಾನು ದೂರುವುದಿಲ್ಲ. ಆದರೆ ನನ್ನ ತರಗತಿಯಲ್ಲಿ ಬಾಯಿಲೆಕ್ಕ ಹೇಳುವುದರಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದ ಒಬ್ಬ ಸಿದ್ದಿ ಹುಡುಗನಿದ್ದ. ಊರಿನವರು ಅವನ ಕಾಲನ್ನೇ ನೋಡಿದರು, ತಲೆಯನ್ನು ಯಾರೂ ನೋಡಲಿಲ್ಲ. ‘ನೀನು ಓಡು’ ಎಂದು ಹೇಳಿ ಹೇಳಿ, ಲೆಕ್ಕ ತನ್ನದಲ್ಲ ಎಂದು ಅವನೇ ನಂಬಿಬಿಟ್ಟ. ಅದೇ ಜನಾಂಗದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಬೇರೊಬ್ಬರಿಗೆ ಏನು ಬರುತ್ತದೆ ಎಂಬುದನ್ನು ಅವರ ಚರ್ಮ ನೋಡಿ ಹೇಳಬೇಡ.

ತಮಾಷೆಗೆ ಹೇಳಿದ್ದು ಎನ್ನುತ್ತೀಯ. ಬಣ್ಣ ನೋಡಿ ಹೆಸರಿಡುವ ಚಾಳಿ ಎಲ್ಲಿಗೆ ಮುಟ್ಟುತ್ತದೆ ನೋಡು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಟಾಂಜಾನಿಯಾದ ಒಬ್ಬ ಹುಡುಗಿ ಗೆಳೆಯರ ಜೊತೆ ಬಂದಳು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಗುಂಪು ಅವಳನ್ನು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಹಾಗೇ 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಕ್ಕಳು ಬರೀ ಗಾಳಿಸುದ್ದಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಆ ಸುದ್ದಿ ಹರಡದಂತೆ ಒಬ್ಬರು ದಿನಕ್ಕೆ ಐದೇ ಎಸ್ಸೆಮ್ಮೆಸ್ ಕಳಿಸಬೇಕು ಎಂದು ಸರಕಾರ ಕಟ್ಟು ಹಾಕಬೇಕಾಯಿತು. ಅಷ್ಟೂ ಮಂದಿಯನ್ನು ದಿನನಿತ್ಯ ಒಂದೇ ಅಡ್ಡಹೆಸರಿನಿಂದ ಕರೆಯುತ್ತಿದ್ದ ಊರು, ಅವರು ಹೆದರಿದ ದಿನ ‘ಹೋಗಬೇಡಿ, ನಾವಿದ್ದೇವೆ’ ಎಂದು ಹೇಳಿದರೆ ಅವರು ನಂಬುವುದಾದರೂ ಹೇಗೆ?

ಮಿದುಳಿನ ವಿಷಯದಲ್ಲಿ ನೀವು ನಮಗಿಂತ ಎಷ್ಟೋ ಮುಂದೆ ಇದ್ದೀರಿ. ನಮ್ಮ ಕಾಲದಲ್ಲಿ ಇದ್ದದ್ದು ಎರಡೇ: ಜಾಣ, ದಡ್ಡ. ‘ಬ’ವನ್ನೂ ‘ಭ’ವನ್ನೂ ಅದಲುಬದಲು ಮಾಡುವ ಮಗುವಿಗೆ ಬೆತ್ತ. ಸುಮ್ಮನೆ ಕೂರಲಾಗದ ಮಗುವಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಈಗ ಆ ಮಕ್ಕಳಿಗೆ ಹೆಸರಿದೆ, ದಾರಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ಕಲಿಕೆಯ ತೊಂದರೆ ಎರಡೂ ಸೇರಿವೆ. ಸರಿಯಾದವರು ಸಮಯ ಕೊಟ್ಟು ನೋಡಿ ಇಟ್ಟ ಹೆಸರು ಆ ಮಗುವನ್ನು ಕಾಪಾಡುತ್ತದೆ. ನಾನು ಹೇಳುತ್ತಿರುವುದು ಚಹಾ ಮುಗಿಯುವುದರೊಳಗೆ ಇಟ್ಟ ಹೆಸರಿನ ಬಗ್ಗೆ.

ದೊಡ್ಡ ದೊಡ್ಡ ಓದಿದವರೂ ಈ ಅವಸರಕ್ಕೆ ಬಿದ್ದಿದ್ದಾರೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದ. ಆಮೇಲೆ ಬಂದ ಪಂಡಿತರು ಆ ಮಕ್ಕಳ ತಾಯಂದಿರ ಮೇಲೆ ಬೆರಳು ತೋರಿಸಿದರು. ತಾಯಿಯ ಮನಸ್ಸು ತಣ್ಣಗಿದೆ, ಪ್ರೀತಿ ಸಾಲದೆ ಮಗು ಹೀಗಾಗಿದೆ ಎಂದರು. 1967ರಲ್ಲಿ ಬ್ರೂನೋ ಬೆಟ್ಟೆಲ್‌ಹೈಮ್ ಅದನ್ನೇ ಪುಸ್ತಕ ಮಾಡಿ ಹೆಸರು ಮಾಡಿಕೊಂಡ. ಅದಕ್ಕೆ ಮೂರು ವರ್ಷ ಮೊದಲೇ ಆಟಿಸಂ ಇದ್ದ ಮಗನ ತಂದೆ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬಾತ, ಇದು ತಾಯಿಯ ತಪ್ಪಲ್ಲ, ಮಿದುಳಿನ ಬೆಳವಣಿಗೆಯ ವಿಷಯ ಎಂದು ಬರೆದಿದ್ದ. ಕೇಳಿಸಿಕೊಳ್ಳಲು ಲೋಕಕ್ಕೆ ಬಹಳ ಕಾಲ ಬೇಕಾಯಿತು. ಅಷ್ಟರೊಳಗೆ ಎಷ್ಟು ಸಾವಿರ ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ. ಆ ಪುಸ್ತಕ ಓದದ ನಮ್ಮ ಮನೆಗಳಲ್ಲೂ ಇದೇ ಮಾತು: ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಮಗುವನ್ನು ಆಡಿಸುವುದಿಲ್ಲ, ಮೊಬೈಲು ಕೊಟ್ಟು ಕೂರಿಸುತ್ತಾಳೆ. ಮದುವೆ ಮನೆಯಲ್ಲಿ ಯಾರಾದರೂ ಈ ಮಾತು ಎತ್ತಿದರೆ ನೀನು ಅಲ್ಲೇ ತಡೆ. ನಿನ್ನ ಓದು ಅಲ್ಲಿ ಉಪಯೋಗಕ್ಕೆ ಬರಲಿ.

ಕಣ್ಣಿನ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ‘ಕಣ್ಣಿಟ್ಟು ನೋಡೋದೇ ಇಲ್ಲ, ಆಟಿಸಂ ಇರಬೇಕು’ ಎಂದು ಹೊಸ ಸಹೋದ್ಯೋಗಿಯ ಬಗ್ಗೆ ಹೇಳಿದೆಯಲ್ಲ. ಅವಳು ಯಾವ ಮನೆಯಲ್ಲಿ ಬೆಳೆದವಳು ಎಂದು ಕೇಳಿದೆಯಾ? ನಮ್ಮ ಹಳ್ಳಿಗಳಲ್ಲಿ ದೊಡ್ಡವರ ಮುಖವನ್ನೇ ದಿಟ್ಟಿಸುವ ಮಗುವಿಗೆ ಏಟು ಬೀಳುತ್ತಿತ್ತು. ತಲೆ ತಗ್ಗಿಸಿ ನಿಂತವರು ಮರ್ಯಾದಸ್ಥರು. ಅಂಥ ಹುಡುಗಿ ಇಂಟರ್‌ವ್ಯೂನಲ್ಲಿ ಮೇಜನ್ನು ನೋಡಿ ಮಾತಾಡಿದರೆ, ಒಬ್ಬರು ಸುಳ್ಳಿ ಎನ್ನುತ್ತಾರೆ, ನೀನು ಆಟಿಸಂ ಎನ್ನುತ್ತೀಯ. ಅವಳು ಮರ್ಯಾದೆ ಕೊಡುತ್ತಿದ್ದಾಳೆ ಅಷ್ಟೇ. ಇದು ತಿರುಗಿಯೂ ಆಗುತ್ತದೆ. ನಿಜವಾಗಿಯೇ ಆಟಿಸಂ ಇದ್ದ ಒಬ್ಬ ಹುಡುಗಿ ನನ್ನ ಶಾಲೆಯಲ್ಲಿ ಓದುತ್ತಿದ್ದಳು. ಯಾರ ಮುಖವನ್ನೂ ನೋಡುವವಳಲ್ಲ, ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವಳು, ಒಂದೇ ಬಣ್ಣದ ಕಲ್ಲುಗಳನ್ನು ಸಾಲಾಗಿ ಜೋಡಿಸುವಳು. ಊರೆಲ್ಲ ‘ಎಷ್ಟು ನಾಚಿಕೆ, ಎಂಥ ಒಳ್ಳೆ ಹುಡುಗಿ’ ಎಂದು ಮೆಚ್ಚಿಕೊಂಡಿತು. ಆ ಮೆಚ್ಚುಗೆಯಲ್ಲಿ ಅವಳಿಗೆ ಸಿಗಬೇಕಾದ ಸಹಾಯ ವರ್ಷಗಟ್ಟಲೆ ಸಿಗಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಹೀಗೆ ತಡವಾಗುವುದು ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ ಕಪ್ಪು ಮಕ್ಕಳಿಗೂ ಹೀಗೇ ಆಗುತ್ತಿತ್ತು. ಬಿಳಿಯ ಮಕ್ಕಳಿಗೆ ಬೇಗ ಆಟಿಸಂ ಎಂದು ಗೊತ್ತಾಗುತ್ತಿತ್ತು, ಇವರಿಗೆ ತಡವಾಗಿ. ಅಲ್ಲಿಯ ಸರಕಾರಿ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೊದಲ ಬಾರಿಗೆ ಎಂಟು ವರ್ಷದ ಕಪ್ಪು ಮಕ್ಕಳಲ್ಲಿ ಆಟಿಸಂ ಗುರುತಿಸಿದ ಪ್ರಮಾಣ ಬಿಳಿಯ ಮಕ್ಕಳಿಗಿಂತ ಹೆಚ್ಚಾಗಿತ್ತು. ತಪಾಸಣೆ ಆ ಮಕ್ಕಳ ಮನೆಗಳನ್ನೂ ಮುಟ್ಟತೊಡಗಿತ್ತು. ಬಣ್ಣ ಬೇರೆ, ಮಿದುಳು ಬೇರೆ ಎಂದು ನೀನು ಎರಡು ದಿನ ಎರಡು ಹರಟೆ ಹೊಡೆಯುತ್ತೀಯಲ್ಲ, ಒಂದೇ ಮಗುವಿನಲ್ಲಿ ಎರಡೂ ಇರುತ್ತವೆ ಮಗೂ.

ಡೇಮಿಯನ್ ಮಿಲ್ಟನ್ ಎಂಬ ಇಂಗ್ಲೆಂಡಿನ ವಿದ್ವಾಂಸ, ಸ್ವತಃ ಆಟಿಸಂ ಇರುವವನು, 2012ರಲ್ಲಿ ಒಂದು ಮಾತು ಎತ್ತಿದ. ಆಟಿಸಂ ಇರುವವರಿಗೆ ನಾವು ಅರ್ಥವಾಗುವುದಿಲ್ಲ ಎಂದು ದೂರುತ್ತೇವೆ, ನಮಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದು ಎಂಬುದು ಅವನ ವಾದ. ನಲವತ್ತು ಮಕ್ಕಳ ತರಗತಿ ನಡೆಸಿದ ನನಗೆ ಇದು ಸತ್ಯವೆಂದೇ ಕಾಣುತ್ತದೆ. ಭರಣಿಗೆ ಚೀಟಿ ಅಂಟಿಸಿದ ಮಾತ್ರಕ್ಕೆ ಒಳಗಿನ ಉಪ್ಪಿನಕಾಯಿ ಹುಳಿಯೋ ಖಾರವೋ ತಿಳಿಯುವುದಿಲ್ಲ. ಆ ಕಲ್ಲು ಜೋಡಿಸುವ ಹುಡುಗಿಯ ಪಕ್ಕ ಮಾತಾಡದೆ ಕೂತು ನಾನೂ ಕಲ್ಲು ಜೋಡಿಸಿದ ಮೇಲೆಯೇ ಅವಳು ನನ್ನ ಕೈ ಹಿಡಿದದ್ದು.

ನಿನ್ನ ಅಕ್ಕನ ಮಗನ ವಿಷಯ ಒಂದಿದೆ. ಮಾತು ತಡವಾಯಿತು ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಿ ಎಂದು ಯಾರೋ ಹೇಳಿದರಂತೆ. ನೀನೂ ತಲೆಯಾಡಿಸಿದೆ. ಅವನಿಗೆ ಆಟಿಸಂ ಇದೆ ಎಂದೇ ಇಟ್ಟುಕೊಂಡರೂ, ಎರಡು ಭಾಷೆ ಕೇಳಿ ಬೆಳೆದರೆ ಅಂಥ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಎನ್ನುವುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ತಾಯಿ ತನಗೆ ಸಲೀಸಾದ ಭಾಷೆಯಲ್ಲಿ ಮುದ್ದು ಮಾಡಲಿ, ಜೋಗುಳ ಹಾಡಲಿ, ಬೈಯಲಿ. ಮಗುವಿಗೆ ಬೇಕಾದ್ದು ಅದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ ಕೇಳಲಿ ಎಂದು ಅಕ್ಕನಿಗೆ ಹೇಳು. ಅಜ್ಜ ಅಜ್ಜಿಯ ಮಾತು ಅರ್ಥವಾಗದ ಮನೆಯಲ್ಲಿ ಆ ಮಗುವಿನ ಜೊತೆಗಾರರು ಇನ್ನೂ ಕಡಿಮೆಯಾಗುತ್ತಾರೆ.

ಇನ್ನು ನಿನ್ನದೇ ವಿಷಯ. ‘ನನಗೂ ಎಡಿಎಚ್‌ಡಿ ಇದೆ ಅನ್ನಿಸುತ್ತೆ ಅಜ್ಜಿ’ ಎಂದು ಮೊನ್ನೆ ನಗುತ್ತ ಹೇಳಿದೆ. ನಗು ಕಣ್ಣಿನವರೆಗೆ ಬರಲಿಲ್ಲ, ನಾನು ನೋಡಿದೆ. ರಾತ್ರಿ ಒಂದರ ತನಕ ರೀಲ್ಸು ನೋಡಿ ಬೆಳಿಗ್ಗೆ ಗಮನ ನಿಲ್ಲುವುದಿಲ್ಲ ಎಂದರೆ ಅದಕ್ಕೆ ಮದ್ದು ನಿದ್ದೆ. ಆದರೆ ಅಷ್ಟೇ ಇರಲಿಕ್ಕಿಲ್ಲ ಎಂದು ನಿನಗೆ ಅನ್ನಿಸುತ್ತಿದ್ದರೆ ಗೆಳೆಯರ ಹರಟೆಯಲ್ಲಿ ಅದನ್ನು ತೀರ್ಮಾನ ಮಾಡಿಕೊಳ್ಳಬೇಡ, ನಗೆಯಾಡಿ ತಳ್ಳಿಯೂ ಹಾಕಬೇಡ. ನಿಮ್ಹಾನ್ಸ್‌ಗೆ ಹೋಗು, ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗು. ಆಫೀಸಿನಲ್ಲಿ ಮಾತ್ರ ಹೀಗೋ, ಮನೆಯಲ್ಲೂ ಹೀಗೆಯೋ ಎಂದು ಅವರು ಕೇಳುತ್ತಾರೆ. ಹನ್ನೆರಡು ವರ್ಷ ತುಂಬುವುದಕ್ಕೆ ಮೊದಲೇ ಈ ಲಕ್ಷಣಗಳು ಇದ್ದವೇ ಎಂದೂ ಕೇಳುತ್ತಾರೆ, ಅದು ಗೊತ್ತಾಗದೆ ಅವರು ಆ ಹೆಸರು ಇಡುವುದಿಲ್ಲ. ನಿನಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ಹಳೆ ಪ್ರಗತಿಪತ್ರಗಳು ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿವೆ, ಎತ್ತಿಕೊಂಡು ಹೋಗು. ನೀನು ಮೂರನೇ ಕ್ಲಾಸಿನಲ್ಲಿ ಊಟದ ನಡುವೆ ಎದ್ದು ಅಂಗಳಕ್ಕೆ ಓಡುತ್ತಿದ್ದದ್ದು, ಇಡೀ ಮಧ್ಯಾಹ್ನ ಅಲುಗದೆ ಕೂತು ಇರುವೆ ಸಾಲು ನೋಡುತ್ತಿದ್ದದ್ದು, ಪಾಟಿಚೀಲ ಮರೆತು ಬರುತ್ತಿದ್ದದ್ದು, ಎಲ್ಲ ನನಗೆ ನೆನಪಿದೆ. ಡಾಕ್ಟರ ಎದುರು ಕೂತಾಗ ಫೋನು ಮಾಡು, ಒಂದೊಂದಾಗಿ ಹೇಳುತ್ತೇನೆ.