ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ

ವಾನಳ್ಳಿ ಸೀಮೆಯವರು ಕಾಯಿಲೆಯವರನ್ನು ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೆ ಸೇರಿಸಲಿ, ಖಾಸಗಿ ಆಸ್ಪತ್ರೆಗೆ ಸೇರಿಸಲಿ, ರಾತ್ರಿ ಮಂಚದ ಪಕ್ಕ ಕೂರುವವರು ಮನೆಯವರೇ. ಜ್ವರ ಎಷ್ಟು, ಬಿಪಿ ಎಷ್ಟು, ಶುಗರ್ ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಿಮಿಷಕ್ಕೆ ಉಸಿರು ಎಷ್ಟು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಆಸ್ಪತ್ರೆಯ ಚಾರ್ಟಿನಲ್ಲೂ ಅಂದಾಜಿನ ಅಂಕಿ ಬೀಳುವುದು ಇದೇ ಸಾಲಿನಲ್ಲಿ. ಇದು ಬೇರೆ ಬೇರೆ ದೇಶಗಳಿಂದಲೂ ಕೇಳಿಬರುವ ದೂರು. ಬಿಪಿಗೆ ಯಂತ್ರವಿದೆ, ಉಸಿರಿಗೆ ಜನರಲ್ ವಾರ್ಡಿನಲ್ಲಿ ಕಣ್ಣು ಮತ್ತು ಗಡಿಯಾರವೇ ಗತಿ.

ನ್ಯುಮೋನಿಯಾ, ರಕ್ತಕ್ಕೆ ಹರಡಿದ ಸೋಂಕು, ಹೃದಯದ ತೊಂದರೆಗಳಲ್ಲಿ ಬಿಪಿ ಬೀಳುವ ಮೊದಲೇ ಉಸಿರು ಚುರುಕಾಗುವುದುಂಟು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 97 ತೋರಿಸಿತೆಂದು ನಿಶ್ಚಿಂತರಾಗಬೇಡಿ. ಆ 97 ಉಳಿಸಿಕೊಳ್ಳಲು ದೇಹ ನಿಮಿಷಕ್ಕೆ 28 ಸಲ ಏದುಸಿರು ಬಿಡುತ್ತಿರಬಹುದು. ಅದರಲ್ಲಿ ಕಾಣುವ ಇನ್ನೊಂದು ಅಂಕಿ ನಾಡಿಯದು, ಉಸಿರಿನದಲ್ಲ.

ಎಣಿಸುವುದು ಹೀಗೆ. ರೋಗಿ ಬಚ್ಚಲಿಗೆ ಹೋಗಿ ಬಂದಿದ್ದರೆ, ಕೆಮ್ಮಿದ್ದರೆ, ಐದು ನಿಮಿಷ ಬಿಡಿ. ಕಂಬಳಿಯನ್ನು ಎದೆಯಿಂದ ಸರಿಸಿ. ಉಸಿರು ಎಣಿಸುತ್ತೇನೆ ಎಂದು ಮಾತ್ರ ಹೇಳಬೇಡಿ. ಹೇಳಿದ ಕೂಡಲೇ ಅವರ ಉಸಿರು ಬದಲಾಗುತ್ತದೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣು ಎದೆ-ಹೊಟ್ಟೆಯ ಮೇಲಿಡಿ. ಒಮ್ಮೆ ಏರಿ ಇಳಿದರೆ ಒಂದು. ವಾರ್ಡಿನ ಮಬ್ಬು ಬೆಳಕಿನಲ್ಲಿ ಕಾಣದಿದ್ದರೆ ಹೊಟ್ಟೆಯ ಮೇಲೆ ಹಗುರಾಗಿ ಅಂಗೈ ಇಟ್ಟುಕೊಳ್ಳಿ. ಮೊಬೈಲಿನ ಟೈಮರ್ 60 ಸೆಕೆಂಡ್ ಓಡಲಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ, ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ದೊಡ್ಡವರಿಗೆ 12ರಿಂದ 20 ಸರಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ 21ರಿಂದ 24ಕ್ಕೆ ಎರಡು ಅಂಕ. 25 ಮುಟ್ಟಿದರೆ ಮೂರು. ಎಂಟಕ್ಕೆ ಇಳಿದರೂ ಮೂರೇ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆಪರೇಷನ್ನಿನ ನಂತರ ಮಾರ್ಫಿನ್‌ನಂಥ ನೋವಿನ ಮದ್ದು ಪಡೆದವರು ಗಾಢ ನಿದ್ದೆಯಲ್ಲಿದ್ದರೆ, ಆರಾಮಾಗಿ ಮಲಗಿದ್ದಾರೆಂದು ಸುಮ್ಮನಿರದೆ ಎಣಿಸಿ, ಆ ಮದ್ದಿಗೆ ಉಸಿರು ತೀರ ಇಳಿದಿರಬಹುದು. ನಾಗರಹಾವು ಕಚ್ಚಿದವರ ರೆಪ್ಪೆ ಜೋಲುತ್ತ ಉಸಿರು ಮೇಲುಮೇಲಕ್ಕೆ ಆಡತೊಡಗಿದರೆ ಅಂಕಿಗೂ ಕಾಯದೆ ವೈದ್ಯರನ್ನು ಕರೆಯಿರಿ. ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡವರು ನೋವಿಗೆ ಹೆದರಿ ಪೂರ್ತಿ ಉಸಿರು ಎಳೆಯುವುದೇ ಇಲ್ಲ. ವೇಗದ ಜೊತೆ ಆಳವನ್ನೂ ಗಮನಿಸಿ.

ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಅಳುವಾಗ ಎಣಿಸಬೇಡಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರದೆ ವೈದ್ಯರನ್ನು ಕರೆಯಿರಿ.

ಎಣಿಸಿದ್ದನ್ನು ಗಂಟೆ ಸಮೇತ ಚೀಟಿಯಲ್ಲಿ ಬರೆಯಿರಿ. ‘ಸಿಸ್ಟರ್, ಅಪ್ಪಯ್ಯನಿಗೆ ಯಾಕೋ ಸುಸ್ತು’ ಎಂದರೆ ‘ಬಂದೆ, ಇರಿ’ ಎನ್ನಬಹುದು. ‘ಸಂಜೆ 18 ಇತ್ತು, ಈಗ 26’ ಎಂದು ಹೇಳಿ ನೋಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸಿದರೆ ಆ ಚೀಟಿ ಜೊತೆಗೆ ಹೋಗುವವರ ಕಿಸೆಯಲ್ಲಿರಲಿ. ಆಂಬುಲೆನ್ಸಿನಲ್ಲೂ ಆಗಾಗ ಎಣಿಸಿ ಕೆಳಗೆ ಬರೆಯುತ್ತ ಹೋಗಿ.