ಗೂಜರಿ ಮಹಲಿನ ಶಿಲ್ಪಗಳನ್ನು ನೋಡುವ ಬಗೆ

ದೆಹಲಿಯಿಂದ ಬೆಂಗಳೂರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಗ್ವಾಲಿಯರ್‌ನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಅನೇಕರು ಅಲ್ಲಿ ಚಹಾ ಕುಡಿದು ಮುಂದೆ ಸಾಗುವವರೇ. ಒಮ್ಮೆಯಾದರೂ ಇಳಿದು ನೋಡತಕ್ಕ ಊರು ಅದು. ಕೋಟೆಯ ಬುಡದಲ್ಲಿರುವ ಗೂಜರಿ ಮಹಲನ್ನು ರಾಜಾ ಮಾನಸಿಂಹ ತೋಮರನು (ಆಳ್ವಿಕೆ 1486–1516) ತನ್ನ ಗೂಜರ ರಾಣಿ ಮೃಗನಯನಿಗಾಗಿ ಕಟ್ಟಿಸಿದನು. 1922ರಿಂದ ಅದು ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯ. ಅಂಗಳದಲ್ಲಿಯೂ ಕೋಣೆಗಳಲ್ಲಿಯೂ ಶಿಲ್ಪಗಳನ್ನಿರಿಸಿದ್ದಾರೆ.

ಒಂದು ಮಾತನ್ನು ನೆನಪಿಡೋಣ. ಇಲ್ಲಿಯ ಶಿಲ್ಪಗಳಲ್ಲಿ ಅನೇಕವು ಅರಮನೆಗಿಂತ ಹಳೆಯವು, ಬೇರೆ ಊರುಗಳಿಂದ ಬಂದವು. ಹೆಸರಾಂತ ಶಾಲಭಂಜಿಕೆಯು ವಿದಿಶಾ ಜಿಲ್ಲೆಯ ಗ್ಯಾರಸಪುರದ್ದು, ಸುಮಾರು 10ನೆಯ ಶತಮಾನದ್ದು. ಕೈಕಾಲುಗಳು ಮುರಿದಿವೆ, ಮುಗುಳ್ನಗೆ ಮಾತ್ರ ಮಾಸಿಲ್ಲ. ಆದರೆ ಕಡೆದವನ ಹೆಸರು ಉಳಿದಿಲ್ಲ.

ನಮ್ಮ ಬೇಲೂರಿನಲ್ಲಿ ಹಾಗಲ್ಲ. 12ನೆಯ ಶತಮಾನದ ಆ ಗುಡಿಯಲ್ಲಿ ಮದನಿಕೆಗಳನ್ನು ಕಡೆದ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿದ್ದಾರೆ. ತಮ್ಮ ಊರು ಬಳ್ಳಿಗಾವೆಯೆಂದೂ ತಿಳಿಸಿದ್ದಾರೆ. ನಮ್ಮಂತೆ ಅವರೂ ಊರು ಬಿಟ್ಟು ಬಂದು ದುಡಿದವರೇ.

ಆದ್ದರಿಂದ ಪ್ರತಿ ಶಿಲ್ಪದ ಮುಂದೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದು ಯಾವ ಕಾಲದ್ದು? ಯಾವ ಊರಿನಿಂದ ಬಂತು? ಯಾರು ಕಡೆದರು? ಮೊದಲೆರಡಕ್ಕೆ ಫಲಕ ನೋಡಬೇಕು. ಮೂರನೆಯದಕ್ಕೆ ಬಹುತೇಕ ಉತ್ತರ ಸಿಗದು. ಆದರೂ ಕೇಳುವುದನ್ನು ಬಿಡಬಾರದು.